ಮಗ್ಗುಲಿಗೆ ಕೂರುವವರು

ನಮ್ಮೂರಿನಲ್ಲಿ ಒಬ್ಬರೇ ಕುಳಿತರೆ ಯಾವ ಎಂಜಿನ್ನೂ ಹತ್ತುವುದಿಲ್ಲ. ಹಾಗಾಗಿ ನಾನು ಟ್ರ್ಯಾಕ್ಟರ್ ಕೊಳ್ಳುತ್ತೇನೆ ಎಂದಾಗ ಅದು ಯಾವ ಕಂಪನಿಯದು, ಹೊಸದೋ ಹಳೆಯದೋ ಎಂದು ಯಾರೂ ವಿಚಾರಿಸಲಿಲ್ಲ. ನಿನ್ನ ಮಗ್ಗುಲಿಗೆ ಯಾರು ಕೂರುತ್ತಾರೆ ಎಂದು ಕೇಳಿದರು.

ನಮಗೆ ಇದು ಹುಟ್ಟಿದಾಗಿನಿಂದ ರೂಢಿ. ಹಿಟ್ಟಿನ ಗಿರಣಿಯವನ ಪಕ್ಕದಲ್ಲಿ ಅವನ ಹೆಂಡತಿ ಮೊರ ಹಿಡಿದು ಕೂತಿರುತ್ತಾಳೆ. ಡೀಸೆಲ್ ಪಂಪಿನ ಹತ್ತಿರ ಗಂಡ ಹೆಂಡತಿ ಇಬ್ಬರೂ ಇರಬೇಕಾದ್ದರಿಂದ ಮನೆಯಲ್ಲಿ ಮಾತು ಬಿಟ್ಟವರು ಬಾವಿಯ ಕಟ್ಟೆಯ ಮೇಲೆ ಕೂತು ರಾಜಿಯಾಗುತ್ತಾರೆ. ದಾಯಾದಿಗಳು ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಹೇಳಿಕೆ ಕೊಟ್ಟು, ಒಂದೇ ಬೈಕಿನಲ್ಲಿ ಬೈದಾಡಿಕೊಂಡು ಮನೆಗೆ ಬರುತ್ತಾರೆ. ಅಂಥವರ ಬೈಕು ದಾರಿಯಲ್ಲಿ ನಿಂತದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಹಸುಗೂಸು ಲೆಕ್ಕಕ್ಕಿಲ್ಲ, ಅದು ಮುಖ ಗುರುತು ಹಿಡಿಯುವಷ್ಟಾಗಬೇಕು. ನಿದ್ದೆ ಹೋದವರೂ ಲೆಕ್ಕಕ್ಕಿಲ್ಲ. ಜೊತೆ ಇಲ್ಲದವರು ನಡೆದು ಹೋಗುತ್ತಾರೆ. ಸಂಜೆ ರಸ್ತೆಯ ಅಂಚಿನಲ್ಲಿ ನಡೆಯುವವರನ್ನು ನೋಡಿದರೆ ಸಾಕು, ಊರಿನಲ್ಲಿ ಯಾರಿಗೆ ಯಾರೂ ಇಲ್ಲ ಎಂಬುದು ತಿಳಿಯುತ್ತದೆ.

ಕೂಲಿಗೆ ಕೂರುವವರನ್ನು ನಾವು ಮಗ್ಗುಲಾಳು ಎನ್ನುತ್ತೇವೆ. ನಾನು ಮಗ್ಗುಲಾಳು. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಟ್ರ್ಯಾಕ್ಟರಿಗೆ ಕೂರುವವರಿಲ್ಲದೆ, ಐದನೇ ಕ್ಲಾಸಿನ ನಡುವೆ ನನ್ನನ್ನು ಶಾಲೆ ಬಿಡಿಸಿ ಮಡ್‌ಗಾರ್ಡಿನ ಮೇಲೆ ಕೂರಿಸಿದರು. ಅಲ್ಲಿಯೇ ದೊಡ್ಡವಳಾದೆ. ಅಪ್ಪ ಕಾಯಿಲೆ ಬಿದ್ದಾಗ ಟ್ರ್ಯಾಕ್ಟರ್ ಮಾರಿದ. ಅವನು ಹೋದ ಮೇಲೆ ಮೇಲಿನ ಕೇರಿಯ ತಿಪ್ಪೇಶಣ್ಣ ಬಂದು, "ನಮ್ಮ ಗಾಡಿಗೆ ಬರ್ತೀಯೇನೆ ಹುಡುಗಿ, ನಿಮ್ಮಕ್ಕ ಹೋದಾಗಿಂದ ಗಾಡಿ ಶೆಡ್ಡಲ್ಲೇ ನಿಂತೈತೆ" ಎಂದ. ನಿಮ್ಮಕ್ಕ ಎಂದದ್ದು ತೀರಿಹೋದ ಅವನ ಹೆಂಡತಿಯನ್ನು. ನಾನು ಹೂಂ ಎಂದೆ. ಆಮೇಲೆ ವರ್ಷಗಟ್ಟಲೆ ಅವನ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕೂತೆ.

ನನಗೆ ಬೇಡಿಕೆ ಇತ್ತು. ನಾನು ಮಾತಾಡುವುದಿಲ್ಲ ಎಂಬುದು ಒಂದು ಕಾರಣ. ನಾನು ಕೂತ ಗಾಡಿ ಎಲ್ಲಿಯೂ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಹುಡುಗಿಯ ಕಾಲ್ಗುಣ ಎನ್ನುತ್ತಿದ್ದರು. ನಾನು ಮಾಡುತ್ತಿದ್ದದ್ದು ಏನೂ ಇಲ್ಲ. ನೋಡುತ್ತಿದ್ದೆ. ಮಡ್‌ಗಾರ್ಡಿನ ಮೇಲಿಂದ ಓಡಿಸುವವರ ಕೆನ್ನೆ, ಕಿವಿ, ಕೈ ಕಾಣುತ್ತವೆ. ದಿನವಿಡೀ ಬೇರೇನು ನೋಡುವುದು?

ಈ ವರ್ಷ ಹೋಳಿಯಾದ ಮೇಲೆ ಬಂದ ಗಾಳಿಗೆ ಅಪ್ಪನ ಓರೆಯಲ್ಲಿ ಮರಗಳು ಉರುಳಿದವು. ಓರೆ ಎಂದರೆ ಗುಡ್ಡದ ಬಗಲಿನಲ್ಲಿ ನನಗೆ ಉಳಿದಿರುವ ಕಾಡಿನ ತುಂಡು. ಉಳುವುದಕ್ಕೆ ಬರುವುದಿಲ್ಲ, ಸೌದೆಗೆ ಮಾತ್ರ. ದಿಂಡಿಗ, ಮತ್ತಿ, ಒಂದೆರಡು ಹೊನ್ನೆ, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ನಮ್ಮೂರ ಕಟ್ಟಳೆಯ ಪ್ರಕಾರ ಗಾಳಿಗೆ ಬಿದ್ದ ಮರ ಮೊದಲ ಮಳೆಯ ತನಕ ನೆಲದವರದು. ಮಳೆ ಬಿದ್ದ ಮೇಲೆ ಯಾರು ಎಳೆದುಕೊಂಡು ಹೋಗುತ್ತಾರೋ ಅವರದು. ಮಳೆಗಾಲಕ್ಕೆ ಸೌದೆ ಇಲ್ಲದ ಮನೆಯವರಿಗಾಗಿ ಹಿರಿಯರು ಮಾಡಿದ್ದಂತೆ. ಮರ ಬಿದ್ದ ವಾರದೊಳಗೇ ಬೇಲಿಯ ಹತ್ತಿರ ಜನ ಬಂದು, ಯಾವ ದಿಮ್ಮಿ ತಮ್ಮ ಹಗ್ಗಕ್ಕೆ ಸಿಕ್ಕೀತು ಎಂದು ನೋಡಿಕೊಂಡು ಹೋಗತೊಡಗಿದರು.

ತಿಪ್ಪೇಶಣ್ಣ, "ನಾನೇ ಎಳೆದುಹಾಕ್ತೀನಿ ಬಿಡು. ಅರ್ಧ ನಿಂದು ಅರ್ಧ ನಂದು" ಎಂದ. ನ್ಯಾಯದ ಮಾತೇ. ಆದರೆ ಅವನು ಎಳೆಯಬೇಕಾದರೂ ನಾನೇ ಮಗ್ಗುಲಿಗೆ ಕೂರಬೇಕಿತ್ತು. ನನ್ನ ನೆಲದಲ್ಲಿ, ನನ್ನ ಮರದ ಮುಂದೆ, ಮಡ್‌ಗಾರ್ಡಿನ ಮೇಲೆ. ಯಾಕೋ ಆ ರಾತ್ರಿ ಊಟ ಸೇರಲಿಲ್ಲ. ಅಪ್ಪ ಟ್ರ್ಯಾಕ್ಟರ್ ಮಾರಿದ ಹಣ ಇತ್ತು, ನನ್ನ ಕೂಲಿ ಕೂಡಿಟ್ಟದ್ದಿತ್ತು. ಬೆಳಗ್ಗೆ ಬಸ್ಸು ಹತ್ತಿ, ಹೆದ್ದಾರಿಯ ಪಕ್ಕದಲ್ಲಿ ಹಳೆಯ ಟ್ರ್ಯಾಕ್ಟರ್ ಮಾರುವ ಮೌಲಾಸಾಬರ ಶೆಡ್ಡಿಗೆ ಹೋದೆ.

ಸಾಬರು ಹುಣಸೆಮರದ ಕೆಳಗೆ ಟಯರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ, ಹಿಂದೆ ಯಾರಾದರೂ ಬರುತ್ತಾರೆಯೇ ಎಂದು ರಸ್ತೆಯ ಕಡೆ ಕತ್ತು ಚಾಚಿದರು.

"ನಿಮ್ಮ ಸಾವ್ಕಾರ ಎಲ್ಲವ್ವ?"

"ನಂಗೇ ಬೇಕು."

"ನಿಂಗೆ ಏನು ಬೇಕು?"

"ಟ್ಯಾಕ್ಟ್ರು."

ಅವರು ನಗಲಿಲ್ಲ. ಲೋಟ ಕೆಳಗಿಟ್ಟು, "ಹೊಲಕ್ಕೋ, ಬಾಡಿಗೆಗೋ?" ಎಂದರು.

"ಓರೆಯಾಗೆ ಮರ ಎಳೆಯಾಕೆ. ಆಮೇಲೆ ಸೌದೆ ಕೊಯ್ಯಾಕೆ."

"ಹಂಗೆ ಹೇಳು. ಮಂದಿ ಬಂದ ಕೂಡ್ಲೆ ಅದ್ರ ಮುಂದೆ ಹೋಗಿ ನಿಂತ್ಕತಾರೆ" ಎಂದು ಮೂಲೆಯಲ್ಲಿ ನಿಂತಿದ್ದ ನೀಲಿ ಟ್ರ್ಯಾಕ್ಟರ್ ತೋರಿಸಿದರು. ಅದರ ಹಿಂದಿನ ಚಕ್ರ ನನ್ನ ತಲೆಗಿಂತ ಎತ್ತರ ಇತ್ತು. "ಜೋರು ಐತೆ ಅಂತ. ಕಾಡಿನಾಗೆ ಜೋರು ಏನು ಮಾಡ್ತೀಯ? ಎರಡು ಮರದ ನಡುವೆ ನುಗ್ಗಿಸಿದ್ರೆ ಸಿಕ್ಕಾಕ್ಕಂತೈತೆ. ಮರ ಎಳೆಯಾಕೆ ತೂಕ ಬೇಕು, ಜೋರಲ್ಲ. ತೂಕ ಇಲ್ದಿದ್ರೆ ಚಕ್ರ ಅಲ್ಲೇ ಗಿರಗಿರ ತಿರುಗ್ತದೆ."

ಅವರು ಒಂದೊಂದನ್ನೇ ತೋರಿಸುತ್ತ ಹೋದರು, ನಾನು ಹಿಂದೆ ನಡೆದೆ. ಒಂದರ ಕೊಂಡಿ ತೀರಾ ಮೇಲಿತ್ತು. ಅಲ್ಲಿಗೆ ಸರಪಳಿ ಕಟ್ಟಿ ಎಳೆದರೆ, ದಿಮ್ಮಿ ಬೊಡ್ಡೆಗೆ ಸಿಕ್ಕಿಕೊಂಡಾಗ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಹಾಗೆ ಸತ್ತವರು ಇಬ್ಬರಿಗೂ ಗೊತ್ತಿದ್ದರು, ಯಾರೂ ಹೆಸರು ಹೇಳಲಿಲ್ಲ. ಇನ್ನೊಂದರ ಸೈಲೆನ್ಸರ್ ಕೆಳಮುಖ. ಬೇಸಿಗೆಯ ತರಗೆಲೆಗೆ ಕಿಡಿ ಹಾರಿದರೆ ಓರೆಯೆಲ್ಲ ಹೊತ್ತಿಕೊಳ್ಳುತ್ತದೆ. ಮತ್ತೊಂದು ಕೆಂಪಗೆ ಚೆನ್ನಾಗಿತ್ತು, ನಾಲ್ಕೂ ಚಕ್ರ ಎಳೆಯುವಂಥದು. ಸಾಬರು ಬಗ್ಗಿ ಅದರ ಹೊಟ್ಟೆ ತೋರಿಸಿದರು. ಆಯಿಲ್ ಚೇಂಬರಿಗೆ ಬೆಸುಗೆ ಹಾಕಿದ ಗುರುತಿತ್ತು. "ಯಾವುದೋ ಬೊಡ್ಡೆ ಮೇಲೆ ಹತ್ತಿಸವ್ರೆ. ನಾನು ಮಾರೋನು, ಆದ್ರೂ ಹೇಳ್ತೀನಿ."

ಕೊನೆಯಲ್ಲಿ ಹುಲ್ಲಿನ ಮೆದೆಯ ಪಕ್ಕ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ಇತ್ತು. ಬಣ್ಣ ಒಂದು ಕಾಲದಲ್ಲಿ ಹಸಿರಿದ್ದಿರಬೇಕು. ಮೈ ಸಪೂರ, ಕೊಂಡಿ ನೆಲದ ಹತ್ತಿರ, ಹೊಟ್ಟೆಯ ಕೆಳಗೆ ಕಬ್ಬಿಣದ ಹಲಗೆ, ರೇಡಿಯೇಟರಿನ ಮುಂದೆ ಎಲೆ ಹೋಗದ ಹಾಗೆ ಜಾಲರಿ. ಹಿಂದಿನ ಟಯರುಗಳಿಗೆ ಭಾರಕ್ಕೆಂದು ನೀರು ತುಂಬಿಸಿದ್ದರು. "ಇದು ಕಾಡಿನಾಗೇ ದುಡಿದದ್ದು" ಎಂದರು ಸಾಬರು. "ನಡಿಗೆ ಎಮ್ಮೆದು. ಎಳೆಯಾಕೆ ಶುರು ಮಾಡಿದ್ರೆ ಬಿಡಲ್ಲ. ಹಿಂದೆ ಗರಗಸ ಕಟ್ಟಿದ್ರೆ ಸೌದೇನೂ ಕೊಯ್ತದೆ. ಹತ್ತಿ ನೋಡು."

ನಾನು ಹತ್ತಿ ಮಡ್‌ಗಾರ್ಡಿನ ಮೇಲೆ ಕೂತೆ.

"ಅಲ್ಲವ್ವ, ಓಡ್ಸೋರು ಇಲ್ಲಿ ಕೂರ್ತಾರೆ" ಎಂದು ಅವರು ಸೀಟು ತಟ್ಟಿದರು.

"ಗೊತ್ತು."

ನೀಲಿ ಟ್ರ್ಯಾಕ್ಟರಿನಲ್ಲಿಯೂ ಕೆಂಪಿನಲ್ಲಿಯೂ ನಾನು ಹೀಗೆಯೇ ಕೂತು ನೋಡಿದ್ದೆ. ನೀಲಿಯದರ ಮಡ್‌ಗಾರ್ಡು ಜಾರುತ್ತಿತ್ತು, ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಕೂತವರು ಇಡೀ ದಿನ ತಾವು ಬೀಳದ ಹಾಗೆ ನೋಡಿಕೊಳ್ಳುವುದರಲ್ಲೇ ಕಳೆಯಬೇಕು. ಕೆಂಪಿನದರಲ್ಲಿ ಎಂಜಿನ್ನಿನ ಬಿಸಿ ನೇರ ಕಾಲಿಗೆ ಹೊಡೆಯುತ್ತಿತ್ತು. ಇದರಲ್ಲಿ ಯಾರೋ ಮಡ್‌ಗಾರ್ಡಿಗೆ ಅಗಲವಾದ ಮರದ ಹಲಗೆ ಬಿಗಿದು, ಹಿಡಿಕೆ ಹಾಕಿ, ಕಾಲಿಡಲು ಒಂದು ಪಟ್ಟಿ ಬೆಸೆದಿದ್ದರು. ಹಲಗೆ ಕೂತು ಕೂತು ನುಣುಪಾಗಿತ್ತು. ಅಲ್ಲಿಂದ ಸ್ಟೇರಿಂಗ್ ಮೇಲಿನ ಕೈ ಕಾಣುತ್ತಿತ್ತು, ಕ್ಲಚ್ ಮೇಲಿನ ಕಾಲು ಕಾಣುತ್ತಿತ್ತು, ಸ್ವಲ್ಪ ಬಗ್ಗಿದರೆ ಮುಖವೂ ಕಾಣುತ್ತಿತ್ತು. ಇಷ್ಟು ಒಳ್ಳೆಯ ಜಾಗದಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ನನ್ನ ಮಗ್ಗುಲಿಗೆ ಬರುವವರಿಗೆ ಇದು ಇರಲಿ ಅನ್ನಿಸಿತು.

"ಇದೇ ಸಾಕು" ಎಂದೆ.

ಸಾಬರು ತಲೆ ಕೆರೆದುಕೊಂಡರು. "ನಲವತ್ತು ವರ್ಷದಿಂದ ಮಾರ್ತಾ ಇದೀನಿ. ಆ ಹಲಗೆ ನೋಡಿ ಗಾಡಿ ತಗಂಡೋರು ನೀನೇ ಮೊದ್ಲು."

ಓಡಿಸಿ ನೋಡಲು ಅವರೇ ಮಗ್ಗುಲಿಗೆ ಕೂತರು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿತು. ಅಪ್ಪ ಸುಸ್ತಾದಾಗ, ತಿಪ್ಪೇಶಣ್ಣ ಬೀಡಿ ಹಚ್ಚುವಾಗ ಸ್ಟೇರಿಂಗ್ ಹಿಡಿದು ನನಗೆ ಅಷ್ಟಿಷ್ಟು ಗೊತ್ತಿತ್ತು. ಶೆಡ್ಡಿಗೆ ಒಂದು ಸುತ್ತು ಹಾಕಿ ಬಂದು ಹಣ ಕೊಟ್ಟೆ. ಊರಿನ ತನಕ ಸಾಬರು ಬಂದರು. ದಾರಿಯುದ್ದಕ್ಕೂ ಅವರ ಕಣ್ಣು ನನ್ನ ಎಡಗಾಲಿನ ಮೇಲೇ ಇತ್ತು. "ಕ್ಲಚ್ ಮೇಲೆ ಕಾಲಿಟ್ಕಂಡು ಕೂರಬ್ಯಾಡ. ಎತ್ತು. ಈಗ ಗೇರು ಇಳಿಸು. ಹಾಂ. ಅಲ್ಲಿ ನಾಯಿ ಐತೆ ನೋಡು." ಅಷ್ಟು ಹೊತ್ತು ಒಬ್ಬರು ನನ್ನನ್ನು ಹೀಗೆ ನೋಡಿದ್ದು ನನಗೆ ನೆನಪಿಲ್ಲ. ಮನೆಯ ಮುಂದೆ ನಿಲ್ಲಿಸಿ ಇಳಿದಾಗ, ಅವರು ಬಸ್ಸಿಗೆ ಹೋಗುವುದು ಬೇಡ ಅನ್ನಿಸಿತು. ಬಾಯಿ ಬಿಟ್ಟು ಹೇಳುವ ಮಾತಲ್ಲ ಅದು. ನೀರು ಕೊಟ್ಟೆ, ಕುಡಿದು ಹೊರಟರು.

ಮಾರನೆಯ ಬೆಳಗ್ಗೆ ತಿಪ್ಪೇಶಣ್ಣ ಬಂದ. ಟ್ರ್ಯಾಕ್ಟರ್ ಸುತ್ತ ಒಂದು ಸುತ್ತು ಹಾಕಿ, ಟಯರಿಗೆ ಒದ್ದು, "ಮುದುಕೀನ ತಂದಿದೀಯಲ್ಲೇ" ಎಂದ. ನಾನು ಬಹಳ ಹೊತ್ತು ಸೆರಗಿನ ತುದಿ ತಿರುವುತ್ತ ನಿಂತಿದ್ದು, "ಅಣ್ಣ, ನೀವು ಮಗ್ಗುಲಿಗೆ ಕೂತ್ರೆ ಓರೆಗೆ ಹೋಗಿಬರಬಹುದು" ಎಂದೆ. ಅವನಿಗೆ ಆಶ್ಚರ್ಯವಾಯಿತು. ಆದರೆ ಇಷ್ಟು ವರ್ಷ ಕೂತವಳು ಕೇಳಿದ್ದಾಳೆ, ಇಲ್ಲ ಎನ್ನುವ ಮನುಷ್ಯನಲ್ಲ. "ನಾನಾ, ಮಗ್ಗುಲಿಗಾ? ಆಯ್ತು, ಅದೂ ಆಗ್ಲಿ" ಎಂದು ನಕ್ಕು ಹತ್ತಿ ಕೂತ. ಓಣಿಯವರು ನೋಡಲು ಬಂದರು.

ಕೀಲಿ ತಿರುಗಿಸಿದೆ. ಎಂಜಿನ್ ಕುಯ್ಯೆಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದೆ. ಇಲ್ಲ.

"ಸೆಲ್ಫ್ ಜಾಸ್ತಿ ಹೊಡೀಬ್ಯಾಡ, ಬ್ಯಾಟ್ರಿ ಇಳಿತೈತೆ" ಎಂದ ತಿಪ್ಪೇಶಣ್ಣ. ಇಳಿದು ಬಾನೆಟ್ ಎತ್ತಿ ಡೀಸೆಲ್ ಪೈಪು ಬಿಚ್ಚಿ ಊದಿದ, ಫಿಲ್ಟರ್ ನೋಡಿದ. ಮತ್ತೆ ಕೂತ. ಮತ್ತೆ ಇಲ್ಲ. ಗೋಡೆಯ ಮೇಲೆ ಕೂತಿದ್ದವರಲ್ಲಿ ಒಬ್ಬ, "ಅಣ್ಣ, ಕಣ್ಣು ತಕ್ಕಂಡೇ ನಿದ್ದೆ ಹೊಡೀತಿದೀಯೇನೋ ನೋಡ್ಕ" ಎಂದ. ಎಲ್ಲರೂ ನಕ್ಕರು. ತಿಪ್ಪೇಶಣ್ಣನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ, ಸಾಬರು ಹೆಣ್ಣುಮಗಳಿಗೆ ಟೋಪಿ ಹಾಕಿದರು ಎಂದು ಓಣಿಯೆಲ್ಲ ತೀರ್ಮಾನವಾಯಿತು. ಯಾರೋ ಫೋನು ಮಾಡಿ ಅವರನ್ನು ಬೈದರು.

ಸಾಬರು ಮಾರನೆಯ ದಿನ ಬಸ್ಸಿನಲ್ಲಿ ಬಂದರು. ಯಾರ ಜೊತೆಗೂ ಮಾತಾಡದೆ ನೇರವಾಗಿ ಹಲಗೆಯ ಮೇಲೆ ಕೂತು, "ಹೊಡಿಯವ್ವ" ಎಂದರು. ಕೀಲಿ ಪೂರ್ತಿ ತಿರುಗುವ ಮೊದಲೇ ಎಂಜಿನ್ ಹತ್ತಿತು. ಅಂಗಳದಲ್ಲಿ ನಿಂತಿದ್ದವರು ತಿಪ್ಪೇಶಣ್ಣನ ಮುಖ ನೋಡಿದರು. ಅವನು ಎಲ್ಲಿಯೋ ನೋಡುತ್ತ, "ಡೀಸೆಲ್ ಪೈಪಿನಾಗೆ ಏರ್ ಹಿಡಿದಿತ್ತು ಅನ್ಸುತ್ತೆ" ಎಂದ. ಹೋಗುವಾಗ ಸಾಬರು ನನ್ನ ಹತ್ತಿರ ನಿಂತು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಗಾಡೀದು ಏನೂ ತೊಂದ್ರೆ ಇಲ್ಲ ಹೊನ್ನವ್ವ. ನಾನು ದಿನಾ ಬರಾಕೆ ಆಗಲ್ಲ."

ಅವರು ಹೋದ ಮೇಲೆ ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ತಿಪ್ಪೇಶಣ್ಣನ ಮೇಲೆ ಸಿಟ್ಟು ಬರಲಿಲ್ಲ. ಅವನು ನನ್ನ ಪಕ್ಕದಲ್ಲಿ ಕೂತಿದ್ದಾಗ ಅವನ ಮುಖ ನೋಡಿದ್ದೆ. ಅವನು ನಾಳೆಯ ಬಾಡಿಗೆಯ ಬಗ್ಗೆ, ಶೆಡ್ಡಿನ ತಗಡಿನ ಬಗ್ಗೆ ಯೋಚಿಸುತ್ತಿದ್ದ, ಇಲ್ಲ, ಯಾವುದರ ಬಗ್ಗೆಯೂ ಅಲ್ಲ, ಸುಮ್ಮನೆ ಕೂತಿದ್ದ. ನಾನು ಅಲ್ಲಿರುವುದು ಅವನಿಗೆ ಗೊತ್ತಿತ್ತು, ಗೋಡೆ ಇರುವುದು ಗೊತ್ತಿರುವ ಹಾಗೆ.

ಆಮೇಲೆ ಬೇರೆಯವರನ್ನು ಕೇಳಿದೆ. ಕೇಳುವುದೇ ನನಗೆ ದೊಡ್ಡ ಕಷ್ಟ. ಒಬ್ಬರನ್ನು ಕೇಳಲು ಅರ್ಧ ದಿನ ಬೇಕಾಗುತ್ತಿತ್ತು. ಪಕ್ಕದ ಮನೆಯ ಸೊಸೆ ಬಂದಳು, ಕೂತ ಕೂಡಲೇ ಫೋನು ತೆಗೆದಳು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮದುವೆ ಗೊತ್ತಾಗಿದ್ದ ಒಬ್ಬ ಹುಡುಗಿ ಬಂದಳು, ಅವಳ ಕಣ್ಣು ರಸ್ತೆಯ ಕಡೆಗೇ. ಕೂಲಿಗೆ ಕರೆತಂದ ಒಬ್ಬ ಹೆಂಗಸು ಓಣಿಯ ತಿರುವಿನ ತನಕ ಚೆನ್ನಾಗಿ ಕೂತಿದ್ದಳು. ಅಲ್ಲಿ ಅವಳಿಗೆ ಮನೆಯ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಗಾಡಿಯನ್ನು ತಳ್ಳಿಕೊಂಡು ವಾಪಸು ತಂದೆವು. "ಮದ್ವೆ ಮಾಡ್ಕ ಹೊನ್ನಿ, ಎಲ್ಲ ಸರಿ ಹೋಗ್ತೈತೆ" ಎಂದು ಅವಳು ತಳ್ಳುತ್ತ ಹೇಳಿದಳು. ಅವಳ ಗಂಡ ಅವಳನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮೋಡ ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ನಾನು ಓರೆಗೆ ನಡೆದು ಹೋಗಿ, ದಿಮ್ಮಿಗಳ ಟೊಂಗೆ ಸವರಿ, ಎಳೆಯಲು ಸರಿಯಾಗುವ ಹಾಗೆ ಇಟ್ಟು ಬರುತ್ತಿದ್ದೆ. ಬೇಲಿಯ ಆಚೆ ಹಗ್ಗ ಹಿಡಿದು ಬರುವವರು ಹೆಚ್ಚಾದರು. ಅವರಲ್ಲಿ ಕುಂಬಾರರ ಪಾಲಾಕ್ಷಮ್ಮ ದಿನವೂ ಬಂದು ಕೂರುತ್ತಿದ್ದಳು. ಮಡಕೆ ಸುಡುವ ಆವಿಗೆಗೆ ಅವಳಿಗೆ ಸೌದೆ ಬೇಕಿತ್ತು. ಎಲೆ ಅಡಿಕೆ ಜಗಿಯುತ್ತ, "ನೀನು ಬೇಗ ಎಳಕಂಡು ಹೋಗು ತಾಯಿ, ಇಲ್ಲಾಂದ್ರೆ ನಾವು ಎಳಕಂಡು ಹೋಗ್ತೀವಿ. ನನ್ನ ಕಣ್ಣು ಆ ಹೊನ್ನೆ ದಿಮ್ಮಿ ಮೇಲೈತೆ, ಮುಚ್ಚುಮರೆ ಯಾಕೆ" ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದೆ.

ಒಂದು ಬೆಳಗ್ಗೆ ಗುಡುಗು ಕೇಳಿಸಿತು. ನಾನು ಅಂಗಳಕ್ಕೆ ಬಂದಾಗ ತಿಪ್ಪೇಶಣ್ಣ ನನ್ನ ಟ್ರ್ಯಾಕ್ಟರಿನ ಹಲಗೆಯ ಮೇಲೆ ಆಗಲೇ ಕೂತಿದ್ದ. ಗಡ್ಡ ಬೆಳೆದಿತ್ತು. ನಾನು ಬಿಟ್ಟ ಮೇಲೆ ಅವನ ಗಾಡಿಗೆ ಮೂವರು ಮಗ್ಗುಲಾಳುಗಳು ಬಂದುಹೋಗಿದ್ದರು. ಪ್ರತಿ ತಿರುವಿನಲ್ಲಿಯೂ ಗಾಡಿ ನಿಲ್ಲುತ್ತಿದೆ ಎಂದು ಕೇಳಿದ್ದೆ.

"ಹೊಡಿ" ಎಂದ.

ಹೊಡೆದೆ. ಹತ್ತಲಿಲ್ಲ. ಅವನು ಎರಡೂ ಕೈಯಲ್ಲಿ ಹಿಡಿಕೆ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಮಲಬದ್ಧತೆಯವನ ಹಾಗೆ ಮುಖ ಮಾಡಿಕೊಂಡು ಎಂಜಿನ್ನನ್ನು ದಿಟ್ಟಿಸಿದ. ಮತ್ತೆ ಹೊಡೆದೆ. ಇಲ್ಲ.

"ನೀನು ನನ್ನ ಪಕ್ಕ ಕೂತಿದ್ದಾಗ ಏನೇ ಮಾಡ್ತಿದ್ದೆ?" ಎಂದು ಕೇಳಿದ.

"ನೋಡ್ತಿದ್ದೆ."

"ಏನು ನೋಡ್ತಿದ್ದೆ?"

"ನಿಮ್ಮನ್ನ."

"ನನ್ನಾಗೆ ಏನೈತೆ ನೋಡಾಕೆ?"

ನಾನು ಹೇಳಬಾರದು ಅಂದುಕೊಂಡೆ. ಆದರೆ ಮೋಡ ತಲೆಯ ಮೇಲೆ ಇತ್ತು. "ಎದುರಿಗೆ ಬಂಡಿ ಬಂದ್ರೆ ನೀವು ಅಂಗಿ ಕಾಲರ್ ಸರಿ ಮಾಡ್ಕಂತೀರಿ" ಎಂದೆ. "ಇಳಿಜಾರು ಬರೋ ಮುಂಚೆ ನಾಲಿಗೆ ಕಚ್ಚಿಕಂತೀರಿ. ಎಡಗಡೆ ದವಡೆ ಹಲ್ಲು ನೋಯ್ತೈತೆ, ಡಾಕ್ಟ್ರ ಹತ್ರ ಹೋಗಲ್ಲ, ಲವಂಗ ಇಟ್ಕಂತೀರಿ."

"ಅದು ನಿಂಗೆ ಹೆಂಗೆ ಗೊತ್ತು?"

"ಅಕ್ಕ ಹೋದಾಗಿಂದ ನೀವು ಹಳ್ಳದ ದಾರೀಲಿ ಗಾಡಿ ಹೊಡೆದಿಲ್ಲ. ಸುತ್ತಾದ್ರೂ ಕೆರೆ ಏರಿ ಮೇಲೇ ಹೋಗ್ತೀರಿ."

ತಿಪ್ಪೇಶಣ್ಣ ನನ್ನ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವನ ಎರಡೂ ಕಣ್ಣು ಒಟ್ಟಿಗೆ ನನಗೆ ಕಂಡದ್ದು ಅದೇ ಮೊದಲು. ನನ್ನ ಕೈ ತಾನಾಗಿಯೇ ಕೀಲಿಗೆ ಹೋಯಿತು. ಎಂಜಿನ್ ಹತ್ತಿತು.

ಓರೆಯ ತನಕ ನಿಲ್ಲದೆ ಹೋದೆವು. ಮೊದಲ ದಿಮ್ಮಿಗೆ ಸರಪಳಿ ಬಿಗಿದು, ಕೊಂಡಿಗೆ ಹಾಕಿ, ಒಂದನೇ ಗೇರಿನಲ್ಲಿ ಎಳೆದೆ. ಚಕ್ರ ಒಂದು ಕ್ಷಣ ಮಣ್ಣು ಕೆದರಿ ಹಿಡಿದುಕೊಂಡಿತು. ದಿಮ್ಮಿ ನನ್ನ ಹಿಂದೆ ತರಗೆಲೆ ಸರಿಸುತ್ತ ಬಂತು. ಬೇಲಿಯ ಒಳಗಿನ ರಸ್ತೆಯಂಚಿಗೆ ತಂದು ಬಿಟ್ಟೆ. ನಮ್ಮೂರಲ್ಲಿ ಎಳೆದು ಒಟ್ಟಿದ ಮರಕ್ಕೆ ಮಳೆಯಾದರೂ ಯಾರೂ ಕೈ ಹಾಕುವುದಿಲ್ಲ. ಎರಡನೆಯದಕ್ಕೆ ವಾಪಸು ಬರುವಾಗ ಎಂಜಿನ್ ನಿಂತಿತು.

"ಇನ್ನೇನು ನೋಡಿದೀಯ?" ಎಂದ ತಿಪ್ಪೇಶಣ್ಣ.

ಹೀಗೆ ಶುರುವಾಯಿತು. ಸರಪಳಿ ಬಿಗಿಯುವಾಗ ನಾನು ಹೇಳುತ್ತಿದ್ದೆ, ಅವನು ಕೇಳುತ್ತಿದ್ದ. ಕೇಳಿದ್ದರ ಗುಂಗು ಒಂದು ದಿಮ್ಮಿ ಎಳೆಯುವ ತನಕ ಇರುತ್ತಿತ್ತು. ತಿಂಡಿ ಕೇಳುವ ಮಕ್ಕಳ ಹಾಗೆ, "ಇನ್ನೊಂದು ಹೇಳು" ಎನ್ನುತ್ತಿದ್ದ. ಅವನು ಸೀನುವ ಮೊದಲು ಆಕಾಶ ನೋಡುವುದನ್ನು ಹೇಳಿದೆ. ಕತ್ತೆಗಳಿಗೆ ಮಾತ್ರ ಹಾರ್ನ್ ಮಾಡದೆ ಕಾಯುವುದನ್ನು ಹೇಳಿದೆ. ಒಂದು ಸಲ ಸುಗ್ಗಿಯಲ್ಲಿ, ಯಾರೂ ಇಲ್ಲ ಎಂದುಕೊಂಡು ಅವನು ಹೆಂಡತಿಯ ಹೆಸರು ಹಿಡಿದು ಮಾತಾಡಿದ್ದನ್ನು ಹೇಳಿದೆ. "ಯಾರೂ ಇಲ್ಲ ಅಂತ ಎಲ್ಲಿ, ನೀನಿದ್ದೆಯಲ್ಲ" ಎಂದ. ಆಮೇಲೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವನ ಹಾಗೆ ಬಾಯಿ ಮುಚ್ಚಿದ. ದಿಂಡಿಗ ಮುಗಿಯಿತು, ಮತ್ತಿ ಮುಗಿಯಿತು. ಬೇಲಿಯ ಆಚೆ ಹಗ್ಗದವರು ನಿರಾಸೆಯಿಂದ ಒಬ್ಬೊಬ್ಬರೇ ಎದ್ದು ಹೋದರು, ಪಾಲಾಕ್ಷಮ್ಮ ಮಾತ್ರ ಕೂತೇ ಇದ್ದಳು. ನನ್ನ ಗಂಟಲು ಒಣಗಿತ್ತು. ಶಾಲೆ ಬಿಟ್ಟ ಮೇಲೆ ಒಂದು ದಿನದಲ್ಲಿ ಇಷ್ಟು ಮಾತಾಡಿರಲಿಲ್ಲ.

ಕೊನೆಗೆ ಹೊನ್ನೆಯ ದಿಮ್ಮಿಯೊಂದು ಉಳಿಯಿತು. ಸರಪಳಿ ಹಿಡಿದು ನಿಂತಾಗ, ಅವನ ಬಗ್ಗೆ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವನ ವಿಷಯವೆಲ್ಲ ಅವನಿಗೇ ಕೊಟ್ಟು ಮುಗಿಸಿದ್ದೆ.

"ಹೂಂ?" ಎಂದ.

"ನಂದೊಂದು ಹೇಳ್ತೀನಿ" ಎಂದೆ. "ನಾನು ಸಣ್ಣೋಳಿದ್ದಾಗ ಒಂದ್ಸಲ ಅಪ್ಪನ ಮಡ್‌ಗಾರ್ಡಿಂದ ಬಿದ್ದೆ. ಚರಂಡಿಯಾಗೆ. ನಾನು ಬಿದ್ದ ಕೂಡ್ಲೆ ಗಾಡಿ ನಿಂತ್ಕಂತು. ಅಪ್ಪ ಹಿಂದೆ ನೋಡ್ದಂಗೆ, ಸೆಲ್ಫ್ ಮೇಲೆ ಸೆಲ್ಫ್ ಹೊಡೀತಾ, ಎಂಜಿನ್ನ ಬೈಯ್ತಾ ಕೂತಿದ್ದ. ನಂಗೆ ಅಂಥ ಪೆಟ್ಟೇನೂ ಆಗಿರ್ಲಿಲ್ಲ, ಏಳಬಹುದಿತ್ತು. ಏಳ್ಲಿಲ್ಲ. ಯಾವಾಗ ತಿರುಗಿ ನೋಡ್ತಾನೋ ನೋಡಾಣ ಅಂತ ಅಲ್ಲೇ ಮಲಕ್ಕಂಡಿದ್ದೆ."

ಸರಪಳಿ ಸಿಕ್ಕಿಸಿ ಬಂದು ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿತು, ಆದರೆ ಒರಟಾಗಿ, ಉಸಿರು ಸಿಕ್ಕಿಕೊಂಡ ಹಾಗೆ. ದಿಮ್ಮಿ ಸ್ವಲ್ಪ ದೂರ ಸರಿಯಿತು. ಮೊದಲ ಹನಿ ಬಾನೆಟ್ಟಿನ ಮೇಲೆ ಬಿದ್ದು ಆವಿಯಾಯಿತು. ಆಮೇಲೆ ಎಂಜಿನ್ ನಿಂತಿತು. ತಿಪ್ಪೇಶಣ್ಣ ತಲೆಯೆತ್ತಿ ಆಕಾಶ ನೋಡುತ್ತಿದ್ದ.

"ಬಂತಲ್ಲೇ ಮಳೆ" ಎಂದ. "ನನ್ನ ಶೆಡ್ಡಿನ ತಗಡು ಹಾರ್ತೈತೆ. ಒಂದು ದಿಮ್ಮಿ ಹೋದ್ರೆ ಹೋಗ್ಲಿ ಬಿಡು, ಬಾ." ಅವನ ದನಿಯಲ್ಲಿ ಏನೂ ಕೆಟ್ಟದ್ದಿರಲಿಲ್ಲ. ನಾನು ಏಳದ್ದನ್ನು ನೋಡಿ, ಟವೆಲ್ ತಲೆಗೆ ಹಾಕಿಕೊಂಡು, "ಗಾಡಿ ನಾಳೆ ತರಾಣ" ಎಂದು ಕೆಳಗಿನ ದಾರಿ ಹಿಡಿದ. ಅವನ ಬೆನ್ನು ಮಳೆಯಲ್ಲಿ ಮಸುಕಾಗುವ ತನಕ ನೋಡಿದೆ. ನೋಡುವುದು ನನಗೆ ಅಭ್ಯಾಸ.

ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಸೌದೆ ನನಗೇ ಉಳಿದಿತ್ತು. ಒಂದು ಬಿಟ್ಟು ಎಲ್ಲವೂ ನನ್ನ ಕೈ ಸೇರಿತ್ತು. ಹಾಗಿದ್ದರೂ ಮಳೆಯಲ್ಲಿ ನನ್ನ ಪಕ್ಕದ ಖಾಲಿ ಹಲಗೆ ನೆನೆದು ಕಪ್ಪಾಗುವುದನ್ನು ನೋಡಲಾಗದೆ ಮುಖ ತಿರುಗಿಸಿದೆ.

ಬೇಲಿ ಸರಿಸಿಕೊಂಡು ಪಾಲಾಕ್ಷಮ್ಮ ಬಂದಳು. ಗೋಣಿಚೀಲ ತಲೆಯ ಮೇಲೆ ಕವುಚಿಕೊಂಡು, ಹೊನ್ನೆ ದಿಮ್ಮಿಗೆ ತನ್ನ ಹಗ್ಗ ಸುತ್ತಿದಳು. ಈಗ ಅದು ಅವಳದೇ. ಎಳೆದಳು, ಕಾಲು ಜಾರಿತು. ಇನ್ನೊಮ್ಮೆ ಎಳೆದಳು. ದಿಮ್ಮಿ ಮಿಸುಕಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು, ನನ್ನ ಕಡೆ ನೋಡಿದಳು. ಸಹಾಯ ಕೇಳುತ್ತಾಳೆ ಅಂದುಕೊಂಡೆ.

"ಅಲ್ಲ ಕಣೇ" ಎಂದಳು, "ಬೇಲಿ ಹಿಂದೆ ಕೂತು ಅವಾಗಿಂದ ಕೇಳ್ತಿದೀನಿ. ಆ ತಿಪ್ಪೇಶಿ ಹಲ್ಲು ನೋವು, ತಿಪ್ಪೇಶಿ ಕಾಲರ್ರು, ಯಾರಿಗೆ ಬೇಕಿತ್ತು. ಕೊನೇಗೆ ಒಂದು ಒಳ್ಳೆ ಮಾತು ತೆಗೆದೆ, ಅದನ್ನ ಅರ್ಧಕ್ಕೆ ನಿಲ್ಸಿಬಿಟ್ಟೆ. ನೋಡಿದ್ನಾ ಇಲ್ವಾ?"

"ಯಾರು?"

"ನಿಮ್ಮಪ್ಪ. ನೀನು ಚರಂಡಿಯಾಗೆ ಬಿದ್ದಿದ್ದೆಯಲ್ಲ. ಅವ್ನು ಹಿಂದೆ ತಿರುಗಿ ನೋಡಿದ್ನಾ ಇಲ್ವಾ?"

ಅವಳು ಹಗ್ಗ ಬಿಟ್ಟು ಕೆಸರಿನಲ್ಲಿ ನಡೆದು ಬಂದು, ಪಟ್ಟಿಯ ಮೇಲೆ ಕಾಲಿಟ್ಟು, ಹೇಳಿಸಿಕೊಳ್ಳದೆ ಹಲಗೆಯ ಮೇಲೆ ಕೂತಳು. ಒದ್ದೆಯಾಗುತ್ತದೆಂದೂ ನೋಡಲಿಲ್ಲ. ಅವಳ ಎಲೆ ಅಡಿಕೆಯ ವಾಸನೆ ನನ್ನ ಮುಖಕ್ಕೆ ಬಡಿಯುವಷ್ಟು ಹತ್ತಿರ ಬಗ್ಗಿ, ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಹತ್ತಿತು. ಸರಪಳಿ ಬಿಗಿಯಾಗಿ, ಅವಳ ದಿಮ್ಮಿ ನನ್ನ ಗಾಡಿಯ ಹಿಂದೆ ಕುಂಬಾರರ ಕೇರಿಯ ಕಡೆ ಹೊರಟಿತು.

"ನೋಡ್ಲಿಲ್ಲ" ಎಂದೆ.

ಮಳೆ, ಎಂಜಿನ್ ಎರಡರ ಸದ್ದು. ಅವಳಿಗೆ ಕೇಳಿಸಲಿಲ್ಲ. "ಗಟ್ಟಿಯಾಗಿ ಹೇಳೇ" ಎಂದು ಇನ್ನಷ್ಟು ಬಗ್ಗಿದಳು.

"ನೋಡ್ಲಿಲ್ಲ" ಎಂದು ಕೂಗಿದೆ. "ನಾನೇ ಎದ್ದು ಹೋಗಿ ಹತ್ತಿ ಕೂತೆ. ಆಗ ಗಾಡಿ ಹತ್ತಿತು. ಏರ್ ಹಿಡಿದಿತ್ತು ಅಂದ ಅಪ್ಪ."

ಗುಡ್ಡದ ಬಗಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು ನನ್ನ ದನಿ. ಅದು ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.